ಪಿಳ್ಳಮ್ಮ ತಟ್ಟಿದ ಹಲಸು

ಟೆಂಪೊದ ಹಿಂಬಾಗಿಲು ತೆರೆಯುವ ಮುಂಚೆ ಪಿಳ್ಳಮ್ಮ ಡ್ರೈವರನ ಮುಖ ನೋಡುತ್ತಾರೆ. ಹಣ್ಣು ನೋಡುವುದು ಆಮೇಲೆ. ನಾಗಸಂದ್ರ ಮೆಟ್ರೊ ನಿಲ್ದಾಣ ದಾಟಿ ಸ್ವಲ್ಪ ಮುಂದೆ, ತುಮಕೂರು ರಸ್ತೆಯ ಮಗ್ಗುಲಿನ ಸರ್ವೀಸ್ ರೋಡಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಗುಬ್ಬಿ ಕಡೆಯಿಂದ ಬಂದ ಟೆಂಪೊ ತುಂಬ ಹಲಸು.

"ದಾರೀಲಿ ಎಲ್ಲಿ ನಿಲ್ಸಿದ್ದೆ?"

"ಎಲ್ಲೂ ಇಲ್ಲಮ್ಮ, ಸೀದಾ ಬಂದೆ."

"ಸೀದಾ ಬಂದೋನು ಮುಖ ತೊಳ್ಕಂಡು, ಕ್ರಾಪ್ ತೆಗ್ದು ಬರ್ತಾನಾ?" ಎನ್ನುತ್ತಾರೆ ಪಿಳ್ಳಮ್ಮ. ಡ್ರೈವರ್ ನಕ್ಕುಬಿಡುತ್ತಾನೆ. ಅವನಿಗೆ ಇದು ಪ್ರತಿ ಸೀಸನ್ನಿನ ಮಾಮೂಲಿ ಪೂಜೆ. ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಒಳ್ಳೆಯ ಹಣ್ಣು ಇಳಿದು ಕೆಟ್ಟದ್ದು ಹತ್ತುತ್ತದೆ ಎಂಬುದು ಆಕೆಯ ನಂಬಿಕೆ. ಅದು ಯಾವತ್ತಾದರೂ ಆಗಿದೆಯೇ ಎಂದು ಕೇಳಿದರೆ, "ಆಗಿದ್ರೆ ನಂಗೇಳಿ ಮಾಡ್ತಾರಾ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ತರಕಾರಿ ಕ್ರೇಟೊಂದನ್ನು ಬೋರಲು ಹಾಕಿ ಪಿಳ್ಳಮ್ಮ ಕೂರುತ್ತಾರೆ. ಹಲಸು ಒಂದೊಂದಾಗಿ ಉರುಳಿಕೊಂಡು ಎದುರಿಗೆ ಬರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಬಲಗೈಯ ಬೆರಳಗೆಣ್ಣಿನಿಂದ ಕಾಯಿಯ ಹೊಟ್ಟೆಗೆ ತಟ್ಟುತ್ತಾರೆ. ಎಳೆಯದಾದರೆ ಟಣ್ ಎನ್ನುತ್ತದೆ, ಮಾಗಿದ್ದಾದರೆ ದಬ್ ಎನ್ನುತ್ತದೆ. ಇವೆರಡರ ನಡುವೆ ಬೇಕಾದಷ್ಟು ಸದ್ದುಗಳಿವೆ, ಅವೆಲ್ಲ ಆಕೆಗೆ ಗೊತ್ತು. ಹಣ್ಣಾಗಿದೆ ಎಂದು ಒಪ್ಪಿದರೆ ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ತೊಟ್ಟಿನ ತುದಿಗೆ ಒಂದು ಬೊಟ್ಟು ಇಡುತ್ತಾರೆ.

ರಸ್ತೆಬದಿಯ ಈ ಹಲಸಿನ ರಾಶಿಯಲ್ಲಿ ಆ ಬೊಟ್ಟಿಗೆ ಬೆಲೆಯಿದೆ. ಬೇರೆ ಕಡೆ ಗಿರಾಕಿ ಕೇಳಿದರೆ ಹಣ್ಣಿಗೆ ಕತ್ತಿ ಹಾಕಿ ಒಂದು ತುಂಡು ಕಿತ್ತು ಒಳಗಿನ ತೊಳೆ ತೋರಿಸುತ್ತಾರೆ. ಇಲ್ಲಿ ಬೊಟ್ಟಿಟ್ಟ ಹಣ್ಣನ್ನು ಕತ್ತರಿಸಿ ತೋರಿಸುವ ಪದ್ಧತಿಯೇ ಇಲ್ಲ. ಇಡೀ ಹಣ್ಣನ್ನು ನಂಬಿಕೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಅಪಾರ್ಟ್‌ಮೆಂಟಿನವರಿಗೂ ಅದೇ ಬೇಕು, ಯಾಕೆಂದರೆ ಗಾಯವಾದ ಹಣ್ಣು ಒಂದು ರಾತ್ರಿ ಕಳೆಯುವುದರೊಳಗೆ ಹುಳಿ ವಾಸನೆ ಹೊಡೆಯುತ್ತದೆ. ಯಾರನ್ನೂ ನಂಬದ ಹೆಂಗಸಿನ ಮೇಲೆ ಊರಿಗೆ ಊರೇ ನಂಬಿಕೆ ಇಟ್ಟು ಹಲಸು ಕೊಳ್ಳುತ್ತದೆ ಎಂಬುದು ತಮಾಷೆಯಾದರೂ ನಿಜ.

ಮೂಗು, ಕಣ್ಣು ಎರಡನ್ನೂ ಪಿಳ್ಳಮ್ಮ ಯಾವತ್ತೋ ಕೆಲಸದಿಂದ ತೆಗೆದುಹಾಕಿದ್ದಾರೆ. "ಮೂಗೇ ಮೊದ್ಲು ಮೋಸ ಓಗೋದು. ರಾಶಿಯಾಗೆ ಒಂದ್ ಅಣ್ಣಾದ್ರೆ ಸಾಕು, ಪಕ್ಕದ್ ಕಾಯೆಲ್ಲ ಅದ್ರ ವಾಸ್ನೆ ಮೆತ್ಕಂಡು ನಾನೂ ಅಣ್ಣು ಅಂತ ಕುಂತಿರ್ತವೆ. ಕಣ್ಣೂ ಅಷ್ಟೇಯ. ಒಂದ್ ಮರದ್ದು ಕಾಯಲ್ಲೇ ಮುಳ್ಳು ಅಗಲ, ಇನ್ನೊಂದ್ ಮರದ್ದು ಅಣ್ಣಾದ್ರೂ ಒತ್ತೊತ್ತು. ಕೆಲವ್ರು ತೊಟ್ಟಿಗೆ ಬೇವಿನ್ ಗೂಟ ಒಡ್ದು ಅಣ್ ಮಾಡ್ತಾರೆ. ಮೇಲ್ ಮೆತ್ತಗೆ, ಒಳ್ಗೆ ಸೌತೇಕಾಯಿ. ಕಿವಿಗ್ ಮಾತ್ರ ಯಾರೂ ಮೋಸ ಮಾಡಕ್ಕಾಗಲ್ಲ."

ಕೆಲವು ವರ್ಷದ ಹಿಂದೆ ಮಗಳು ಆಶಾರಾಣಿ ಒಂದು ದುರಿಯನ್ ತಂದಿದ್ದಳಂತೆ. ಆಕೆ ಮಾರತ್ತಹಳ್ಳಿಯ ಸೂಪರ್ ಮಾರ್ಕೆಟ್ಟೊಂದರಲ್ಲಿ ಬಿಲ್ಲಿಂಗ್ ಕೌಂಟರಿನ ಕೆಲಸದಲ್ಲಿದ್ದಾಳೆ. ಹಲಸಿನ ದೂರದ ನೆಂಟನಂತಿದ್ದ ಆ ಪರದೇಶಿ ಹಣ್ಣನ್ನು ಮೂಸಿ ನೋಡಿದ ಪಿಳ್ಳಮ್ಮ, "ಒಳ್ಗೆ ಏನೋ ಸತ್ತೈತೆ, ಓಗ್ ಬಿಸಾಕು" ಎಂದುಬಿಟ್ಟರು. ಆಮೇಲೆ ಅನುಮಾನ ಬಂದು ತಟ್ಟಿದರು. ದಬ್ ಎಂದಿತು. ಸೀಳಿದರೆ ಬೆಣ್ಣೆಯಂಥ ತೊಳೆ. "ತಿನ್ನಕ್ ನಾನ್ ಒಪ್ಪಲಿಲ್ಲ, ಆದ್ರೆ ಸದ್ದು ಒಪ್ಕಂಡೆ," ಎಂದು ಈಗಲೂ ಹೇಳುತ್ತಾರೆ.

ಈ ಕಿವಿ ತಾಯಿಯಿಂದ ಬಂದದ್ದು. ತಾಯಿ ಬುಟ್ಟಿ ಹೊತ್ತು ಪೀಣ್ಯದ ಕಾರ್ಖಾನೆಗಳ ಗೇಟಿನ ಮುಂದೆ ಹಲಸಿನ ತೊಳೆ ಮಾರುತ್ತಿದ್ದರು. ಪುಟ್ಟ ಪಿಳ್ಳಮ್ಮನ ಕಣ್ಣಿಗೆ ಸೆರಗು ಕಟ್ಟಿ, ಕಾಯಿ ತಟ್ಟಿ ಯಾವುದು ಯಾವುದೆಂದು ಕೇಳುತ್ತಿದ್ದರಂತೆ. ತಪ್ಪು ಹೇಳಿದರೆ ತಟ್ಟುತ್ತಿದ್ದ ಕೈ ತಲೆಗೆ ಬರುತ್ತಿತ್ತು. ಹಲಸಿನ ಕಾಲ ಮುಗಿದರೆ ಹೊಟ್ಟೆಪಾಡಿಗೆ ಇನ್ನೊಂದು ದಾರಿ ಬೇಕಲ್ಲ, ಅದಕ್ಕಾಗಿ ಪಿಳ್ಳಮ್ಮ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಕಿವಿಗಡಚಿಕ್ಕುವ ಪವರ್ ಪ್ರೆಸ್ಸಿನ ಮುಂದೆ ಕುಳಿತು ವಾಷರ್ ಒತ್ತಿದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಆ ಪ್ರೆಸ್ಸೇ. ಕಿವಿಗೆ ಇಟ್ಟುಕೊಳ್ಳಲು ಅಲ್ಲಿ ಹತ್ತಿ ಕೊಡುತ್ತಿದ್ದರು, ಈಕೆ ಇಟ್ಟುಕೊಳ್ಳುತ್ತಿರಲಿಲ್ಲ. "ಕಿವಿ ಮುಚ್ಕಂಡ್ರೆ ನನ್ ಇಂದೆ ನಿಂತ್ಕಂಡು ಯಾರ್ ಏನ್ ಮಾತಾಡ್ತಾರೆ ಅಂತ ಗೊತ್ತಾಗದೆಂಗೆ?"

ರಾಶಿಯ ಯಜಮಾನ ಚಿಕ್ಕಮುನಿಯಪ್ಪ ಇದೇ ಊರಿನವರು. ಅಪ್ಪನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ ಎದ್ದಿದೆ. ಹಲಸು ಮಾರಿ ಬದುಕಬೇಕಾದ ದರ್ದು ಅವರಿಗಿಲ್ಲ. ಆದರೂ ಸೀಸನ್ ಬಂತೆಂದರೆ ಕಟ್ಟಡದ ಮುಂದೆ ಟಾರ್ಪಾಲು ಹಾಸಿ ರಾಶಿ ಹಾಕಿಸುತ್ತಾರೆ. "ಸುಮ್ನೆ ಬಾಡಿಗೆ ಇಸ್ಕೊಂಡು ಕೂತ್ರೆ ಜನ ಮಾತಾಡ್ಸಲ್ಲ ಕಣ್ರೀ. ಹಲಸಿದ್ರೆ ಎಲ್ರೂ ಬರ್ತಾರೆ," ಎನ್ನುತ್ತಾರೆ. ಹಣ್ಣು ಸೀಳಿ ತೊಳೆ ಬಿಡಿಸಿ ಮಾರುವ ಕೆಲಸ ಸವಿತಾಳದ್ದು. ಗುಬ್ಬಿ ಕಡೆಯ ಹೆಂಗಸು, ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಬಾಯಿ ಕಡಿಮೆ. ಅದೇ ತಪ್ಪಾಯಿತು. ಮಾತಾಡದವರ ಮೇಲೆ ಪಿಳ್ಳಮ್ಮನಿಗೆ ಅನುಮಾನ ಇನ್ನೂ ಜಾಸ್ತಿ.

ಈ ಸಲದ ಸೀಸನ್ ಶುರುವಾಗುವ ಹೊತ್ತಿಗೆ ಪಿಳ್ಳಮ್ಮನಿಗೆ ಇಡೀ ಲೋಕವೇ ಸೇರಿಕೊಂಡು ತನ್ನಿಂದ ಏನನ್ನೋ ಮುಚ್ಚಿಡುತ್ತಿದೆ ಎನಿಸತೊಡಗಿತ್ತು. ಪಕ್ಕದ ಮನೆಯವರ ಕುಕ್ಕರ್ ಕೂಗುವುದು ನಿಂತಿತು. ಮಾಂಸ ಮಾಡಿದ್ದು ಗೊತ್ತಾಗಬಾರದೆಂದು ವಿಷಲ್ ತೆಗೆದಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. "ಎಷ್ಟ್ ಸಲ ಫೋನ್ ಮಾಡಿದ್ರೂ ಎತ್ತಲ್ಲ" ಎಂದು ಆಶಾರಾಣಿ ಗೊಣಗಿದರೆ, ಫೋನು ಮಾಡದೆಯೇ ಮಾಡಿದೆ ಅನ್ನುತ್ತಾಳೆ ಎಂದು ಸಿಟ್ಟಾದರು. ರಾಶಿಯ ಬಳಿ ಜನ ತುಟಿ ಅಲ್ಲಾಡಿಸಿಕೊಂಡು ಪಿಸುಗುಡುವುದು ಜಾಸ್ತಿಯಾಗಿತ್ತು. ತನ್ನ ಬಗ್ಗೆಯೇ ಇರಬೇಕು, ಇನ್ಯಾರ ಬಗ್ಗೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆಗಲೇ ಬೊಟ್ಟಿಟ್ಟ ಹಣ್ಣೊಂದು ವಾಪಸ್ ಬಂತು. ಒಳಗೆ ಬಿಳಿ ತೊಳೆ, ಕಚ್ಚಿದರೆ ಹಲ್ಲಿಗೆ ಅಂಟು. ಕೆಲವೇ ದಿನದಲ್ಲಿ ಇನ್ನೊಂದು. ಅದಾದ ಮೇಲೆ ಮತ್ತೊಂದು. ಗಿರಾಕಿ ಹೋದ ಮೇಲೆ ಚಿಕ್ಕಮುನಿಯಪ್ಪ ಟವೆಲ್ ಕೊಡವುತ್ತ ಹೇಳಿದರು: "ಪಿಳ್ಳಮ್ಮ, ಇನ್ನೊಂದ್ ವಾಪಸ್ ಬಂದ್ರೆ ಎಲ್ಲಾ ಹಣ್ಣಿಗೂ ಕತ್ತಿ ಹಾಕಿ ತೋರ್ಸಿಬಿಡಣ. ಯಾರ್ಗೂ ತಲೆನೋವು ಬ್ಯಾಡ."

ಎಲ್ಲ ಹಣ್ಣಿಗೂ ಕತ್ತಿ ಹಾಕುವುದಾದರೆ ತಟ್ಟುವವರು ಯಾಕೆ ಬೇಕು? ಇದು ಪಿಳ್ಳಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಟ್ಟೆಪಾಡಿಗಿಂತ ಹೆಚ್ಚಾಗಿ ಮಾತು ಹೋಗುತ್ತದಲ್ಲ ಎಂಬುದೇ ಆಕೆಯ ಸಂಕಟ. ತಾಯಿಯ ಕಾಲದಿಂದ ಬಂದ ಮಾತು, ಇವರು ಹಣ್ಣೆಂದರೆ ಹಣ್ಣು ಎಂಬ ಮಾತು.

ತಾನು ತಪ್ಪಿರಬಹುದೆಂಬ ಯೋಚನೆ ಮಾತ್ರ ಆಕೆಯ ಹತ್ತಿರ ಸುಳಿಯಲಿಲ್ಲ. ಹಣ್ಣು ಬದಲಾಗುತ್ತಿದೆ, ಅಷ್ಟೇ. ಯಾರೋ ಕಾಯಿಗೆ ಕಳ್ಳ ಬೊಟ್ಟು ಇಟ್ಟು ಮಾರುತ್ತಿದ್ದಾರೆ. ಸುಣ್ಣಕ್ಕೇನು ಬರ, ಯಾವ ಬೀಡಾ ಅಂಗಡಿಯಲ್ಲಾದರೂ ಸಿಗುತ್ತದೆ. ಯಾರಿರಬಹುದು? ಎಲೆಅಡಿಕೆ ಹಾಕುವವಳು ತನ್ನನ್ನು ಬಿಟ್ಟರೆ ಸವಿತಾ ಒಬ್ಬಳೇ. ಬೊಟ್ಟಿನ ಹೆಸರು ಕೆಟ್ಟರೆ ಹಣ್ಣೆಲ್ಲ ಕತ್ತಿಯ ಕೆಳಗೆ ಬರುತ್ತದೆ, ಕತ್ತಿ ಇರುವುದು ಸವಿತಾಳ ಕೈಯಲ್ಲಿ. ಲೆಕ್ಕ ಸರಿಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೇನೋ ಎಂದು, ಪಿಳ್ಳಮ್ಮ ಬೇಕೆಂದೇ ಎದುರಿಗೆ ನಿಂತು "ಸುಣ್ಣ ಯಾಕೋ ಖರ್ಚು ಜಾಸ್ತಿ ಆಗ್ತೈತೆ" ಎಂದರು. ಸವಿತಾ ಹೆಗಲು ಮುಟ್ಟಲಿಲ್ಲ. ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ತೊಳೆ ಬಿಡಿಸತೊಡಗಿದಳು. ಎಷ್ಟು ಪಳಗಿದ ಕಳ್ಳಿ ಅಂದುಕೊಂಡರು ಪಿಳ್ಳಮ್ಮ.

ಮಾರನೆಯ ಬೆಳಗ್ಗೆ ಮನೆಯಲ್ಲೇ ಬಲೆ ಸಿದ್ಧವಾಯಿತು. ಆರತಿ ತಟ್ಟೆಗೆ ಓಕುಳಿ ಮಾಡುವ ಪ್ರತಿ ಹೆಂಗಸಿಗೂ ಗೊತ್ತಿರುವ ವಿಷಯ ಅದು. ಸುಣ್ಣಕ್ಕೆ ಅರಿಸಿನ ಬಿದ್ದರೆ ಕೆಂಪಾಗುತ್ತದೆ. ಪಿಳ್ಳಮ್ಮ ಡಬ್ಬಿಯ ಸುಣ್ಣಕ್ಕೆ ಅರಿಸಿನ ಕಲಸಿ ಕೆಂಪು ಮಾಡಿಕೊಂಡರು, ಡಬ್ಬಿಯನ್ನು ಸೊಂಟದಿಂದ ಕದಲಿಸಲಿಲ್ಲ. ಇನ್ನು ಮೇಲೆ ತನ್ನ ಬೊಟ್ಟು ಕೆಂಪು, ಕಳ್ಳ ಬೊಟ್ಟು ಬಿಳಿ. ಚಿಕ್ಕಮುನಿಯಪ್ಪ ಕೇಳಿದ್ದಕ್ಕೆ, "ದೃಷ್ಟಿ ಆಗ್ಬಾರ್ದು ಅಂತ" ಎಂದರು. ಸವಿತಾ ಏನೂ ಕೇಳಲಿಲ್ಲ. ಕೇಳದಿದ್ದುದೂ ಅನುಮಾನದ ಲೆಕ್ಕಕ್ಕೇ ಸೇರಿತು.

ಬಲೆಗೆ ಬಿದ್ದ ಹಣ್ಣನ್ನು ತಂದವರು ಮಹಾನಂದಾ. ದಾವಣಗೆರೆ ಕಡೆಯ ಕಾಲೇಜು ಮೇಡಂ, ಎದುರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ರಾಶಿಯ ಹಳೆಯ ಗಿರಾಕಿ. ಬೀಗರು ಊಟಕ್ಕೆ ಬಂದಿದ್ದರು, ಎಲ್ಲರ ಎದುರಿಗೆ ಹಣ್ಣು ಸೀಳಿದ್ದಾರೆ. "ಏನ್ರೀ ಪಿಳ್ಳಮ್ಮ, ಬೀಗರ ಮುಂದ ಮಾನ ಕಳದ್ರಲ್ರೀ! ಕೈಗೆಲ್ಲಾ ಮೇಣ ಹತ್ತಿ, ಚಾಕು ಬಿಡವಲ್ದು, ಒಳಗ ನೋಡಿದ್ರ ಹಸೇ ಕಾಯಿ." ಅರ್ಧ ಸೀಳಿದ ಹಲಸನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು.

ಪಿಳ್ಳಮ್ಮನಿಗೆ ಒಳಗೊಳಗೇ ಖುಷಿ. ಸಿಕ್ಕಿಬಿದ್ದಳಲ್ಲ! "ಅಣ್ಣೋ, ಇಲ್ ಬನ್ನಿ. ಸವಿತಾ, ನೀನೂ ಬಾ," ಎಂದು ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡರು. ಪೇಪರು ಬಿಚ್ಚಿ ತೊಟ್ಟನ್ನು ಮೇಲಕ್ಕೆ ತಿರುಗಿಸಿದರು.

ಬೊಟ್ಟು ಕೆಂಪಗಿತ್ತು.

ತೋಡಿದ ಹಳ್ಳಕ್ಕೆ ತೋಡಿದವರೇ ಬೀಳುವುದೆಂದರೆ ಇದೇ. ಪಿಳ್ಳಮ್ಮ ಆ ಬೊಟ್ಟನ್ನು ಉಗುರಿನಿಂದ ಕೆರೆದು ನೋಡಿದರು. ಬಿಳಿಯ ಮೇಲೆ ಯಾರಾದರೂ ಕುಂಕುಮ ಮೆತ್ತಿದ್ದಾರೆಯೇ? ಇಲ್ಲ. ತನ್ನದೇ ಸುಣ್ಣ, ತನ್ನದೇ ಅರಿಸಿನ, ತನ್ನದೇ ಬೆರಳಿನ ಗುರುತು. ಏತಕ್ಕೆ ಕರೆದರೆಂದು ಉಳಿದವರಿಗೆ ಗೊತ್ತಾಗಲಿಲ್ಲ. ಮಹಾನಂದಾ ಬೇರೆ ಹಣ್ಣು ಕೂಡ ಕೇಳದೆ ಹೊರಟುಹೋದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಬಿಸಿಲೇರಿದ ಮೇಲೆ ಪಿಳ್ಳಮ್ಮ ಸವಿತಾಳ ಎದುರು ಎರಡು ಹಲಸು ಇಟ್ಟರು. ಒಂದು ಬೆಳಗ್ಗೆ ಟೆಂಪೊದಿಂದ ಇಳಿದ ಹಸಿರು ಕಾಯಿ. ಇನ್ನೊಂದು ನೊಣ ಮುತ್ತಿದ, ಕುರುಡರಿಗೂ ಗೊತ್ತಾಗುವಂಥ ಹಣ್ಣು. "ತಟ್ಟು" ಎಂದು ಹೇಳಿ ತಾವು ಕಣ್ಣು ಮುಚ್ಚಿಕೊಂಡರು, ತಾಯಿ ಸೆರಗು ಕಟ್ಟುತ್ತಿದ್ದಂತೆ. ಸವಿತಾ ತಟ್ಟಿದಳು. ದಬ್. ಮತ್ತೆ ತಟ್ಟಿದಳು. ದಬ್.

"ಎಲ್ಡ್ ಸಲಾನೂ ಒಂದ್ನೇ ತಟ್ತಾ ಇದೀಯ?"

"ಇಲ್ಲ ಪಿಳ್ಳಕ್ಕ. ಒಂದ್ಸಲ ಕಾಯಿ, ಒಂದ್ಸಲ ಹಣ್ಣು."

"ಸುಳ್ ಏಳ್ಬೇಡ ಕಣೇ."

ಸವಿತಾ ಆಕೆಯ ಕೈ ಹಿಡಿದು ಕಾಯಿಯ ಮೇಲೆ ಇಟ್ಟಳು. ಆಕೆ ಕಣ್ಣು ತೆರೆದು ನೋಡುತ್ತಿರುವಾಗಲೇ ತಟ್ಟಿದಳು. ಬೆರಳಗೆಣ್ಣು ಹಸಿ ಕಾಯಿಗೆ ಬೀಳುವುದು ಕಂಡಿತು. ಟಣ್ ಎನ್ನುವುದು ಕೇಳಲಿಲ್ಲ. "ಈಗ ಮೆಟ್ರೊ ಬಂತಲ್ಲ, ಬ್ರೇಕ್ ಕಿರ್ ಅಂದಿದ್ದು ಕೇಳ್ತಾ?" ಎಂದಳು ಸವಿತಾ. ಕೇಳಿರಲಿಲ್ಲ. ಹಾಗಾದರೆ ಕುಕ್ಕರಿನ ವಿಷಲ್ಲು? ಮಗಳ ಫೋನು? ತುಟಿ ಅಲ್ಲಾಡಿಸುವ ಜನ? ದಪ್ಪ ಸದ್ದುಗಳೆಲ್ಲ ಉಳಿದಿದ್ದವು, ತೆಳು ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಮನೆ ಖಾಲಿ ಮಾಡಿದ್ದವು. ಲೋಕದ ಮೇಲೆಲ್ಲ ಕಣ್ಣಿಟ್ಟಿದ್ದ ಆಕೆ ಅನುಮಾನ ಪಡದೆ ಬಿಟ್ಟದ್ದು ತನ್ನ ಕಿವಿಯೊಂದನ್ನೇ.

ಪ್ರೆಸ್ಸಿನ ಹತ್ತಿ ನೆನಪಾಯಿತಂತೆ. "ಇಂದೆ ನಿಂತ್ಕಂಡು ಮಾತಾಡೋರ್ನ ಕೇಳಣ ಅಂತ ಕಿವಿ ತೆರ್ದಿಟ್ಟೆ. ಅವ್ರು ಏನೂ ಮಾತಾಡ್ಲಿಲ್ಲ. ಪ್ರೆಸ್ಸೇ ಮಾತಾಡ್ತು," ಎಂದು ಈಗ ನಗುತ್ತಾರೆ. ಅಂದು ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಸೀದಾ ಚಿಕ್ಕಮುನಿಯಪ್ಪನವರ ಹತ್ತಿರ ಹೋಗಿ, ಸವಿತಾಳ ಎದುರಿಗೇ ಹೇಳಿದರು. "ಅಣ್ಣ, ಬೊಟ್ಟು ನಂದೇ. ಕಿವಿ ಓಗೈತೆ. ನಾಳೆಯಿಂದ ಕತ್ತಿ ಆಕ್ಸಿ."

ಚಿಕ್ಕಮುನಿಯಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಆಗ ಸವಿತಾ ಬಾಯಿಬಿಟ್ಟಳು. "ಸುಣ್ಣ ನಾನ್ ಕದೀತೀನಿ ಅಂತ ತಾನೆ ನೀವು ಅಂದ್ಕಂಡಿದ್ದು? ನಂಗೂ ಗೊತ್ತಾಗ್ತಿತ್ತು, ಪಿಳ್ಳಕ್ಕ. ಮನೇಲಿ ಅತ್ತಿದೀನಿ." ಕಾಯಿಯ ಕಡೆ ಕೈ ತೋರಿಸಿ, "ನಂಗೆ ಎಲ್ಲಾ ಸದ್ದೂ ಕೇಳ್ತವೆ, ಯಾವ್ದು ಏನು ಅಂತ ಗೊತ್ತಿಲ್ಲ. ನಿಮ್ಗೆ ಗೊತ್ತೈತೆ, ಕೇಳಲ್ಲ. ನಾನ್ ತಟ್ತೀನಿ, ನೀವ್ ಹೇಳಿ," ಎಂದಳು. ತಪ್ಪಾಯಿತು ಎಂಬ ಮಾತು ಪಿಳ್ಳಮ್ಮನ ಬಾಯಿಗೆ ಅಭ್ಯಾಸವಿಲ್ಲ. ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಸವಿತಾಳ ಎಣ್ಣೆಗೈಯಲ್ಲಿಟ್ಟರು. "ಬೊಟ್ಟು ನೀನೇ ಇಡು. ನಾನ್ ನೋಡ್ತಿರ್ತೀನಿ."

ಹೀಗೆ ಈಗ ಮುಂಜಾನೆ ಕ್ರೇಟುಗಳು ಎರಡು. ಸವಿತಾ ಹಲಸು ತಟ್ಟಿ, ಕೇಳಿದ್ದನ್ನು ತನ್ನ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತಾಳೆ.

"ಖಾಲಿ ಬಿಂದಿಗೆ ತಟ್ಟಿದಂಗೆ."

"ಕಾಯಿ. ಪಕ್ಕಕ್ಕಿಡು."

"ಒದ್ದೆ ಮಣೆ ತಟ್ಟಿದಂಗೆ."

"ಮಣೆ ದಪ್ಪದ್ದೋ ತೆಳೂದೋ?"

"ತೆಳೂದು."

"ಎಲ್ಡ್ ದಿನ ಬೇಕು. ಮುಂದಿಂದು?"

"ಹಿಟ್ಟಿನ್ ಚೀಲ ತಟ್ಟಿದಂಗೆ."

"ಇನ್ನೊಂದ್ಸಲ ತಟ್ಟು. ನಿಜ್ವಾಗ್ಲೂ ಇಟ್ಟಿನ್ ಚೀಲಾನಾ? ರವೆ ಚೀಲ ಅಲ್ವಾ?" ಎನ್ನುತ್ತಾರೆ ಪಿಳ್ಳಮ್ಮ. ಅನುಮಾನ ಎಲ್ಲಿಗೆ ಹೋಗುತ್ತದೆ? ಹುಟ್ಟುಗುಣ. ಸವಿತಾ ಬೇಸರಪಡದೆ ಮತ್ತೆ ತಟ್ಟುತ್ತಾಳೆ. ಆಮೇಲೆ ಕೆಂಪು ಬೊಟ್ಟು ಬೀಳುತ್ತದೆ.

ಆಶಾರಾಣಿ ಕಿವಿಗೆ ಮಿಷನ್ ಹಾಕಿಸುತ್ತೇನೆ ಎನ್ನುತ್ತಿದ್ದಾಳೆ. ಪಿಳ್ಳಮ್ಮ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. "ಮಿಷನ್ನು ಯಾರ್ ಕಡೀದೋ ಏನೋ. ಅದು ದಬ್ ಅಂದ್ರೆ ನಾನ್ ದಬ್ ಅನ್ಬೇಕಾ?" ಆಸೆ ಏನೆಂದು ಕೇಳಿದರೆ, "ಅಸೇ ಕಾಯಿ ಒಂದ್ಸಲ ಟಣ್ ಅನ್ನೋದು ಕೇಳ್ಬೇಕು. ಅಣ್ಣಿನ್ ಸದ್ದು ಉಳ್ಕಂಡೈತೆ, ಅದು ಬ್ಯಾಡ," ಎನ್ನುತ್ತಾರೆ. ಇದನ್ನೆಲ್ಲ ಕೇಳಿ ಬರೆದುಕೊಳ್ಳಲು ಬಂದ ಪತ್ರಿಕೆಯವರನ್ನೂ ಓರೆಗಣ್ಣಿನಿಂದ ನೋಡುತ್ತಾರೆ.

ಮಹಾನಂದಾ ಬಹಳ ದಿನ ಈ ಕಡೆ ಸುಳಿದಿರಲಿಲ್ಲ. ನಿನ್ನೆ ಬಂದಿದ್ದರು. ರಾಶಿಯ ಮುಂದೆ ನಿಂತು, "ಈ ಸಲ ಕೊಯ್ದು ತೋರಸ್ರಿ. ಬರೇ ಮಾತು ನಂಬಾಂಗಿಲ್ಲ ನಾನು," ಎಂದರು. ಸವಿತಾ ಕತ್ತಿ ಎತ್ತಿಕೊಂಡಳು. ಪಿಳ್ಳಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

"ಕತ್ತಿ ಬ್ಯಾಡ ಮೇಡಂ. ತಗಂಡೋಗಿ."

"ಯಾರು ತಟ್ಟಿದ್ದು? ನೀವ?"

ಪಿಳ್ಳಮ್ಮ ಸವಿತಾಳ ಕಡೆ ನೋಡಿದರು. "ನಾವ್ ತಟ್ಟಿದ್ದು" ಎಂದರು.

ಮಹಾನಂದಾ ಇಬ್ಬರ ಮುಖವನ್ನೂ ನೋಡಿ, ಹಣ್ಣನ್ನು ಇಡಿಯಾಗಿ ಹೊರಿಸಿಕೊಂಡು ಹೋದರು. ಇವತ್ತು ಬೆಳಗಿನಿಂದ ಪಿಳ್ಳಮ್ಮನ ಕಣ್ಣೆಲ್ಲ ಅಪಾರ್ಟ್‌ಮೆಂಟಿನ ಗೇಟಿನ ಮೇಲೆ. ಗೇಟು ತೆರೆಯುತ್ತದೆ, ಕಾರು ಬರುತ್ತದೆ, ಸ್ಕೂಟರು ಬರುತ್ತದೆ. ಪೇಪರಿನಲ್ಲಿ ಸುತ್ತಿದ ಹಲಸು ಹಿಡಿದು ಯಾರೂ ಬರುವುದಿಲ್ಲ. ಬಿಸಿಲು ಟಾರ್ಪಾಲಿನ ಮೇಲೆ ಬರುವವರೆಗೆ ಕಾದು ಕೊನೆಗೆ ಆಕೆ ಎಲೆಗೆ ಸುಣ್ಣ ಕೇಳುತ್ತಾರೆ. ಸವಿತಾ ಡಬ್ಬಿ ಕೊಡುತ್ತಾಳೆ.

"ಅಣ್ಣು ಚೆನ್ನಾಗಿತ್ತು ಅಂತ ಯಾರೂ ವಾಪಸ್ ಬಂದ್ ಏಳಲ್ಲ," ಎನ್ನುತ್ತಾರೆ ಪಿಳ್ಳಮ್ಮ, ಎಲೆಗೆ ಕೆಂಪು ಸುಣ್ಣ ಸವರುತ್ತ. "ಬರ್ದೇ ಇದ್ರೆ ಅದೇ ಏಳ್ದಂಗೆ." ಎಲೆ ಮಡಚಿ ಬಾಯಿಗಿಟ್ಟುಕೊಂಡು, ಮತ್ತೊಮ್ಮೆ ಗೇಟಿನ ಕಡೆ ನೋಡುತ್ತಾರೆ. "ಆದ್ರೂ ಸಾಯಂಕಾಲದ್ ಗಂಟ ನೋಡಣ."